ಗಂಗಾಮೂಲದ ಪಂಡಿತಾ ರಮಾಬಾಯಿಯವರು

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕುದುರೆಮುಖದ ಕಡೆಗೆ ಘಟ್ಟವನ್ನೇರುತ್ತಾ ಹೋದರೆ ದಟ್ಟವಾದ ಅರಣ್ಯಮಧ್ಯದಲ್ಲಿ ಗಂಗಾಮೂಲವೆಂಬ ಸ್ಥಳವು ದೊರೆಯುವುದು. ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಜನಿಸುವುದು ಆ ಪರ್ವತದ ಸಾಲಿನಲ್ಲಿಯೇ. ತುಂಗೆಯು ಶೃಂಗೇರಿಯ ಸೋಪಾನಗಳನ್ನು ಮುಟ್ಟಿ, ಕೊಪ್ಪದ ಸೀಮೆಯ ಹರಿಹರಪುರವನ್ನು ಹಾದು ತೀರ್ಥಹಳ್ಳಿಗೆ ಸಾಗುವಳು. ಭದ್ರೆಯಾದರೋ ಕಳಸದ ಮೇಲೆ ಬಂದು ಬಾಳೆಹೊನ್ನೂರನ್ನು ದಾಟಿ ನರಸಿಂಹರಾಜಪುರದ ಸೀಮೆಗೆ ನೀರುಣಿಸುವಳು. ಹೀಗೆ ನಮ್ಮ ಈ ಮೂರು ತಾಲ್ಲೂಕುಗಳಿಗೂ ಆ ಒಂದು ಬೆಟ್ಟದ ಋಣವುಂಟು. ಆದರೆ ಅದೇ ಬೆಟ್ಟದ ಮೇಲೆ ಒಂದು ಎಲೆಮನೆಯಲ್ಲಿ, 1858ನೆಯ ಇಸವಿ ಏಪ್ರಿಲ್ 23ರಂದು, ಮುಂದೆ ಭರತಖಂಡದ ಸ್ತ್ರೀಯರಿಗೆಲ್ಲಾ ಬೆಳಕನ್ನು ತೋರಿದ ಒಂದು ಹೆಣ್ಣುಮಗುವು ಜನಿಸಿತೆಂಬುದನ್ನು ನಮ್ಮ ಸೀಮೆಯವರಲ್ಲಿ ಎಷ್ಟು ಮಂದಿ ಬಲ್ಲರು? ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದೇ ಎಲ್ಲರೂ ಎಣಿಸುವರು. ಮಾತೃಭಾಷೆಯಿಂದಲೂ ಕಾರ್ಯಕ್ಷೇತ್ರದಿಂದಲೂ ಅದು ಸರಿಯೇ. ಹುಟ್ಟಿನಿಂದ ಮಾತ್ರ ಅವರು ನಮ್ಮ ಮಲೆನಾಡಿನವರು.

ಪ್ರಿಯ ವಾಚಕರೇ, ಅವರ ವಿದ್ವತ್ತನ್ನೂ ದೇಶಾಂತರ ಪ್ರಯಾಣಗಳನ್ನೂ ಬಿರುದುಗಳನ್ನೂ ಕುರಿತು ಅನೇಕರು ಬರೆದಿದ್ದಾರೆ. ನಾವು ಅವುಗಳನ್ನು ಬೇಗನೆ ದಾಟಿ, ಅವರು ದಿನಗಳನ್ನು ಹೇಗೆ ಕಳೆದರು, ಯಾವಾಗ ಎದ್ದರು, ಏನನ್ನು ಉಂಡರು, ಯಾರನ್ನು ಮುಟ್ಟಿದರು, ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮುಚ್ಚಿದರೋ ತೆರೆದಿಟ್ಟರೋ ಎಂಬಂತಹ ಸಣ್ಣ ವಿಷಯಗಳನ್ನೇ ಹೆಚ್ಚಾಗಿ ನೋಡಬಯಸುತ್ತೇವೆ. ಪರಿಶುದ್ಧ ಜೀವಿತವೆಂಬುದು ಅವರಿಗೆ ಒಂದು ದಿನದಲ್ಲಿ ದೊರೆತ ವಸ್ತುವಲ್ಲ. ಅದಕ್ಕಾಗಿ ಅವರು ಬಹಳ ದೂರ ನಡೆದರು. ಬಹಳ ಬೆಲೆಯನ್ನೂ ತೆತ್ತರು.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಘಟ್ಟದ ಕೆಳಗಣ ಕಾರ್ಕಳದ ಬಳಿಯ ಮಾಳ ಗ್ರಾಮದವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು, ಸ್ತ್ರೀಯರೂ ಗೀರ್ವಾಣ ಭಾಷೆಯನ್ನು ಓದಬಲ್ಲರೆಂಬ ಆಶ್ಚರ್ಯವು ಅವರ ಮನಸ್ಸಿನಲ್ಲಿ ನೆಟ್ಟುಹೋಯಿತು. ಮನೆಗೆ ಬಂದು ಪತ್ನಿಗೆ ಪಾಠವನ್ನಾರಂಭಿಸಿದರೆ ಬಂಧುಗಳೆಲ್ಲರೂ ಅಡ್ಡ ನಿಂತರು. ಆಕೆಯು ಕಾಲವಾದ ಮೇಲೆ ಯಾತ್ರಾಕಾಲದಲ್ಲಿ ಗೋದಾವರೀತೀರದಲ್ಲಿ ಒಬ್ಬ ಪ್ರವಾಸಿ ಬ್ರಾಹ್ಮಣನು ತನ್ನ ಒಂಬತ್ತು ವರುಷದ ಮಗಳಾದ ಲಕ್ಷ್ಮಿಯನ್ನು ಇವರಿಗೆ ಧಾರೆಯೆರೆದು ಕೊಟ್ಟನು. ವರನಿಗೆ ಆಗ ನಲವತ್ತನ್ನು ಮೀರಿತ್ತು. ಇಂದಿನವರು ಇದನ್ನು ಕೇಳಿ ಮುಖವನ್ನು ತಿರುಗಿಸುವುದು ಸಹಜ, ನಾವೂ ಅದನ್ನು ಸಮರ್ಥಿಸುವವರಲ್ಲ. ಆದರೂ ಆ ವರನು ಆ ಬಾಲಿಕೆಗೆ ಕೊಟ್ಟ ಸ್ತ್ರೀಧನವು ವಿದ್ಯೆಯೆಂಬುದನ್ನು ಹೇಳದೆ ಬಿಡಲಾಗದು. ಊರವರು ಆಕ್ಷೇಪಿಸಲು, ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಗ್ರಂಥಾಧಾರಗಳನ್ನು ತೋರಿಸಿ ತಮ್ಮ ಕಾರ್ಯವನ್ನು ಸಾಧಿಸಿಕೊಂಡರು. ವಾದದಲ್ಲಿ ಗೆದ್ದವನಿಗೆ ಊರಿನಲ್ಲಿ ನೆಮ್ಮದಿಯಿರುವುದೆಂದು ಹೇಳಲಾಗುವುದಿಲ್ಲವಷ್ಟೆ. ಅವರು ಪತ್ನಿಯನ್ನು ಕರೆದುಕೊಂಡು ಘಟ್ಟವನ್ನೇರಿ ಗಂಗಾಮೂಲದ ಕಾಡನ್ನು ಸೇರಿದರು.

ಕಾಡಿನಲ್ಲಿ ಅವರು ಕಳೆದ ಮೊದಲ ರಾತ್ರಿಯಲ್ಲಿ ತಲೆಯ ಮೇಲೆ ಸೂರು ಇರಲಿಲ್ಲ. ಕಣಿವೆಯ ಆಚೆಯ ಬದಿಯಲ್ಲಿ ಹುಲಿಯೊಂದು ರಾತ್ರಿಯೆಲ್ಲಾ ಗರ್ಜಿಸುತ್ತಿತ್ತಂತೆ. ಎಳೆಯ ಪತ್ನಿಯು ಹೊದಿಕೆಯಲ್ಲಿ ಮುದುಡಿಕೊಂಡು ಮಲಗಿದ್ದಳು. ಪತಿಯು ಬೆಳಗಾಗುವ ತನಕ ಕಾವಲು ಕುಳಿತಿದ್ದನು. ಕ್ರಮೇಣ ಅಲ್ಲಿ ಮನೆಯಾಯಿತು, ದನಕರುಗಳಾದುವು, ವಿದ್ಯಾರ್ಥಿಗಳು ಬಂದು ಸೇರಿದರು. ಯಾತ್ರಿಕರಿಗೂ ಶಿಷ್ಯರಿಗೂ ಅನ್ನವಿಕ್ಕಿ ಇಕ್ಕಿ ಶಾಸ್ತ್ರಿಗಳ ಕೈಯಲ್ಲಿದ್ದುದೆಲ್ಲವೂ ಕರಗಿ ಸಾಲವು ಬೆಳೆಯಿತು. ರಮಾಬಾಯಿಯವರು ಆರು ತಿಂಗಳ ಶಿಶುವಾಗಿದ್ದಾಗ ಕುಟುಂಬವು ಗಂಗಾಮೂಲವನ್ನು ಬಿಟ್ಟು ಹೊರಟಿತು. ಬೆತ್ತದ ಬುಟ್ಟಿಯೊಂದರಲ್ಲಿ ಮಗುವನ್ನು ಮಲಗಿಸಿ ಆಳೊಬ್ಬನು ತಲೆಯ ಮೇಲೆ ಹೊತ್ತುಕೊಂಡು ಬೆಟ್ಟವನ್ನಿಳಿದನು.

ಅಲ್ಲಿಂದ ಮುಂದೆ ಅವರಿಗೆ ನಿಂತ ನೆಲವೇ ಮನೆ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಾಲಯದ ಜಗಲಿಯಲ್ಲೋ ನದಿಯ ದಡದಲ್ಲೋ ಕುಳಿತು ಪುರಾಣವನ್ನು ಓದುವುದು. ಕೇಳಿದವರು ಕೊಟ್ಟ ಅಕ್ಕಿಕಾಸುಗಳಿಂದ ಜೀವಿಸುವುದು. ತಂದೆಯು ವೃದ್ಧನಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವಳು ತಾಯಿಯೇ. ಹಗಲೆಲ್ಲಾ ಅಡಿಗೆ, ನೀರು, ಪ್ರಯಾಣಗಳಲ್ಲಿ ಕಳೆಯುತ್ತಿದ್ದುದರಿಂದ ಲಕ್ಷ್ಮೀಬಾಯಿಯು ಹಕ್ಕಿ ಕೂಗುವುದಕ್ಕೆ ಮುಂಚೆಯೇ ಮಗಳನ್ನು ಮುದ್ದುಮಾತುಗಳಿಂದ ಎಬ್ಬಿಸಿ, ನಿದ್ದೆಗಣ್ಣಿನಲ್ಲಿ ತೊಡೆಯ ಬಳಿ ಕೂರಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹನ್ನೆರಡು ವರುಷ ತುಂಬುವುದರೊಳಗಾಗಿ ಆ ಬಾಲಿಕೆಗೆ ಭಾಗವತದ 18000 ಶ್ಲೋಕಗಳು ಕಂಠಸ್ಥವಾಗಿದ್ದುವು. ರಮಾಬಾಯಿಯವರು ಜೀವಮಾನವೆಲ್ಲಾ ಬೆಳಗಿನ ಜಾವವನ್ನು ದೇವರಿಗಾಗಿ ಮೀಸಲಿಟ್ಟುದರ ಮೂಲವು ಈ ತಾಯಿಯ ಮಡಿಲಿನಲ್ಲಿದೆಯೆಂದು ನಮ್ಮ ಎಣಿಕೆ. ಹಿರಿಯ ಮಗಳನ್ನು ಬಾಲ್ಯದಲ್ಲಿ ವಿವಾಹಮಾಡಿ ಪಶ್ಚಾತ್ತಾಪಪಟ್ಟಿದ್ದ ತಂದೆಯು ಕಿರಿಯವಳನ್ನು ವಿವಾಹಮಾಡಿ ಕೊಡದೆ ಓದಿಸಿದನೆಂಬುದೂ ಇಲ್ಲಿ ಸ್ಮರಣೀಯ.

ಮಡಿ ಎಂದರೇನೆಂಬುದನ್ನು ನಮ್ಮ ಸೀಮೆಯ ಓದುಗರಿಗೆ ವಿವರಿಸಬೇಕಾದುದಿಲ್ಲ. ತಣ್ಣೀರಿನ ಸ್ನಾನ, ಒಗೆದ ಬಟ್ಟೆ, ಪರರು ಮುಟ್ಟದ ನೀರು, ಉಪವಾಸ, ತೀರ್ಥಸ್ನಾನ ಇವೆಲ್ಲವನ್ನೂ ಆ ಕುಟುಂಬವು ಪೂರ್ಣಮನಸ್ಸಿನಿಂದ ಆಚರಿಸಿತು. ಅದರಲ್ಲಿ ಕಪಟವಿರಲಿಲ್ಲ. 1874ರ ಸುಮಾರಿನಲ್ಲಿ ದಕ್ಷಿಣದೇಶದಲ್ಲಿ ಅನ್ನಕ್ಕೆ ಕಷ್ಟವಾದಾಗ, ಕೈಯಲ್ಲಿದ್ದ ಪಾತ್ರೆಪದಾರ್ಥಗಳೂ ಮಾರಿಹೋದ ಮೇಲೆ, ಅವರು ಕಾಡಿನ ಎಲೆಗಳನ್ನು ತಿಂದು ಜೀವ ಹಿಡಿದರು. ಕೂಲಿಗೆ ಹೋಗುವುದು ಕುಲಕ್ಕೆ ಹೊಂದದು, ಭಿಕ್ಷೆ ಬೇಡಲು ನಾಲಿಗೆ ಏಳದು. ಕಡೆಗೆ ತಂದೆಯು ಪವಿತ್ರವಾದ ಕೊಳದಲ್ಲಿ ಮುಳುಗಿ ದೇಹತ್ಯಾಗ ಮಾಡಲು ನಿಶ್ಚಯಿಸಿದಾಗ ಮಗನಾದ ಶ್ರೀನಿವಾಸನು ಕುಲಾಭಿಮಾನವನ್ನು ಬದಿಗೊತ್ತಿ ತಾನು ಕೂಲಿ ಮಾಡಿ ಸಾಕುವೆನೆಂದು ತಡೆದನು. ಆದರೆ ವೃದ್ಧನು ಹೆಚ್ಚು ದಿನ ಉಳಿಯಲಿಲ್ಲ. ಕಣ್ಣು ಮುಚ್ಚುವುದಕ್ಕೆ ಮೊದಲು ಕಿರಿಯ ಮಗಳನ್ನು ಅಪ್ಪಿಕೊಂಡು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಜೀವಮಾನವೆಲ್ಲಾ ಆತನನ್ನೇ ಸೇವಿಸಬೇಕೆಂತಲೂ ಆಜ್ಞಾಪಿಸಿದನು. ತಾಯಿಗಾಗಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಕೇಳಲು ರಮಾಬಾಯಿಯವರು ಪರರ ಬಾಗಿಲಲ್ಲಿ ನಿಂತಾಗ ಮಾತೇ ಹೊರಡದೆ ಕಣ್ಣೀರು ಹೊರಟಿತು. ತಾಯಿಯೂ ಅಕ್ಕನೂ ಒಬ್ಬರ ಹಿಂದೊಬ್ಬರು ತೀರಿಹೋದರು. ಅಣ್ಣತಂಗಿಯರಿಬ್ಬರು ಉಳಿದು, ಒಟ್ಟು 4000 ಮೈಲಿಗೂ ಹೆಚ್ಚು ದೂರವನ್ನು ಕಾಲ್ನಡಿಗೆಯಲ್ಲಿಯೇ ಸವೆಸಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು.

ಕಲ್ಕತ್ತೆಯ ವಿದ್ವಾಂಸರು ಈ ಯುವತಿಯ ಸಂಸ್ಕೃತವನ್ನು ಕೇಳಿ ಬೆರಗಾಗಿ ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷದಲ್ಲಿ ಬೇರೆ ಜಾತಿಯವರಾದ ಬಿಪಿನ್ ಬಿಹಾರಿ ದಾಸರೆಂಬ ಬಂಗಾಳದ ವಕೀಲರನ್ನು ಅವರು ವಿವಾಹವಾದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತನಾದನು. ಇಪ್ಪತ್ತನಾಲ್ಕು ವರುಷಗಳು ತುಂಬುವುದಕ್ಕೆ ಮುಂಚೆಯೇ ಅವರು ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡು, ತೊಟ್ಟಿಲ ಕೂಸಿನೊಡನೆ ಒಂಟಿಯಾಗಿ ನಿಂತರು. ಸಿಲ್ಚಾರಿನ ಆ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ಅವರ ಕೈಗೆ ಸಿಕ್ಕಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೇ ತಿಳಿಯದು.

ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಅದೇ ವರುಷ ಹಂಟರ್ ವಿದ್ಯಾ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದು, ತಾವೇ ವೈದ್ಯವನ್ನು ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿಯು ಮಂದವಾದುದರಿಂದ ಆ ಆಸೆಯು ಕೈಗೂಡಲಿಲ್ಲ. ವಾಂಟೇಜಿನ ಕನ್ಯಾಸ್ತ್ರೀಯರ ಆಶ್ರಮದಲ್ಲಿ ಅವರು ಇಳಿದುಕೊಂಡಿದ್ದರು. ಆ ಸಹೋದರಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ, ದಾರಿತಪ್ಪಿ ಸಮಾಜದಿಂದ ತಳ್ಳಲ್ಪಟ್ಟ ಹೆಂಗಸರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದರು. ರಮಾಬಾಯಿಯವರು ಅಲ್ಲಿಗೆ ಹೋದರು. ಕುಲೀನ ಮನೆತನದ ಸ್ತ್ರೀಯರು ಆ ಹೆಂಗಸರ ಹುಣ್ಣುಗಳನ್ನು ತೊಳೆದು, ಅವರೊಂದಿಗೆ ಕುಳಿತು, ಅವರನ್ನು ಮತ್ತೆ ಮಾನವಂತರನ್ನಾಗಿ ಮಾಡುತ್ತಿದ್ದುದನ್ನು ಕಂಡರು. ಹೀಗೇಕೆ ಮಾಡುವಿರೆಂದು ಕೇಳಲು, ಸಹೋದರಿಯೊಬ್ಬಳು ಬಾವಿಯ ಬಳಿ ಕ್ರಿಸ್ತನು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿ ನೀರು ಕೇಳಿದ ಕಥೆಯನ್ನು ತಿಳಿಸಿದಳು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಹುಟ್ಟಿದಂದಿನಿಂದ ಅವರು ಬಲ್ಲ ಶುದ್ಧತೆಯು ಮೈಲಿಗೆಯಿಂದ ದೂರ ಸರಿಯುವಂತಹುದು. ಈಗ ಅವರು ಕಂಡದ್ದು ಮೈಲಿಗೆಯ ಬಳಿಗೆ ತಾನೇ ನಡೆದುಹೋಗಿ ಅದನ್ನು ತೊಳೆಯುವ ಶುದ್ಧತೆ. ಸಮಾರ್ಯದವಳ ಕೊಡದಿಂದ ನೀರನ್ನು ಕೇಳಿದವನು ಅಶುದ್ಧನಾಗಲಿಲ್ಲ, ಅವಳೇ ಶುದ್ಧಳಾದಳು. ಮುಟ್ಟಿದರೆ ಕೆಡುವೆವೆಂಬ ಭಯವು ಕ್ರೈಸ್ತರಾದ ನಮ್ಮ ಮನೆಗಳಲ್ಲಿಯೂ ಪೂರ್ಣವಾಗಿ ಅಳಿದಿದೆಯೇ ಎಂಬುದನ್ನು ನಾವು ನಾವೇ ಕೇಳಿಕೊಳ್ಳುವುದು ಒಳ್ಳೆಯದು. 1883ನೆಯ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು.

ದೀಕ್ಷಾಸ್ನಾನವಾದ ಮಾತ್ರಕ್ಕೆ ಅವರು ಹೇಳಿದುದಕ್ಕೆಲ್ಲಾ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ಮಾಂಸಾಹಾರವನ್ನು ಮುಟ್ಟಲಿಲ್ಲ; ಮೊಟ್ಟೆ ಸೇರಿದ ತಿಂಡಿಯನ್ನೂ ಒಲ್ಲೆನೆಂದರು. ಸಹೋದರಿಯರಲ್ಲಿ ಕೆಲವರಿಗೆ ಇದು ಹಳೆಯ ಕುಲಗರ್ವದ ಶೇಷವೆಂದು ತೋರಿತು. ಕೊರಳ ಶಿಲುಬೆಯ ಮೇಲೆ ತಮಗೆ ತಿಳಿಯದ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿರಲೆಂದು ವಾದಿಸಿದರು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಓದುತ್ತಾ ಸಭೆಯ ಉಪದೇಶಗಳನ್ನೂ ಒಂದೊಂದಾಗಿ ಪ್ರಶ್ನಿಸಿದರು. ಗುರುಸ್ಥಾನದಲ್ಲಿದ್ದವರ ಮನಸ್ಸಿಗೆ ನೋವಾದುದು ನಿಜ. ರಮಾಬಾಯಿಯವರ ಮಾತು ಕೆಲವು ವೇಳೆ ಮೊನಚಾಗಿಯೇ ಇರುತ್ತಿತ್ತೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಮನಸ್ಸಾಕ್ಷಿಗೆ ಒಪ್ಪದುದನ್ನು ಒಪ್ಪಿದಂತೆ ನಟಿಸುವುದು ಅವರಿಗೆ ಎಲ್ಲಕ್ಕಿಂತಲೂ ದೊಡ್ಡ ಅಶುದ್ಧತೆಯಾಗಿತ್ತು. ಇನ್ನೂ ಒಂದು ಮಾತುಂಟು. ದೀಕ್ಷೆಯಾಗಿ ಎಂಟು ವರುಷಗಳು ಕಳೆದ ಮೇಲೆ, ತಾನು ಕ್ರೈಸ್ತಮತವನ್ನು ಕಂಡೆನೇ ಹೊರತು ಕ್ರಿಸ್ತನನ್ನು ಕಂಡಿಲ್ಲವೆಂಬುದು ಅವರಿಗೆ ಅರಿವಾಯಿತು. 1891ರ ಸುಮಾರಿನಲ್ಲಿ ಒಳಗಿನ ಈ ಬರಿದನ್ನು ದೇವರ ಮುಂದೆ ತೆರೆದಿಟ್ಟು, ತಮ್ಮ ವಿದ್ಯೆಯನ್ನಾಗಲಿ ಪುಣ್ಯವನ್ನಾಗಲಿ ನೆಚ್ಚದೆ ಆತನ ಕೃಪೆಯನ್ನೇ ನೆಚ್ಚಿದರು. ಪ್ರಸಿದ್ಧರಾಗಿ, ಪುಸ್ತಕ ಬರೆದು, ಸಂಸ್ಥೆ ಕಟ್ಟಿದ ಮೇಲೆ ಇಂತಹ ಮಾತನ್ನು ಬಹಿರಂಗವಾಗಿ ಒಪ್ಪಿಕೊಳ್ಳುವವರು ಅಪೂರ್ವ.

ಆ ಸಂಸ್ಥೆಯ ಕಥೆಯು ಹೀಗಿದೆ. 1886ರಲ್ಲಿ ಅವರು ಅಮೆರಿಕಕ್ಕೆ ಹೋಗಿ, 1887ರಲ್ಲಿ ಉಚ್ಚಕುಲದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿ, ಬಾಲವಿಧವೆಯರಿಗಾಗಿ ಸಹಾಯವನ್ನು ಸಂಪಾದಿಸಿದರು. 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮರುವರುಷ ಪುಣೆಗೆ ಸಾಗಿತು. ಶಾರದೆಯ ಪೀಠವಿರುವ ಶೃಂಗೇರಿಯ ಮೇಲಣ ಬೆಟ್ಟದಲ್ಲಿ ಹುಟ್ಟಿದ ಮಗಳು ತನ್ನ ಶಾಲೆಗೆ ಶಾರದೆಯ ಹೆಸರನ್ನೇ ಇಟ್ಟಳೆಂಬುದು ನಮಗೆ ಪ್ರಿಯವಾದ ಸಂಗತಿ. ಅಲ್ಲಿ ಹುಡುಗಿಯರು ತಮ್ಮ ಕುಲಾಚಾರದಂತೆ ಅಡಿಗೆ ಮಾಡಿಕೊಂಡು ಉಣ್ಣಬಹುದಾಗಿತ್ತು. ಯಾರನ್ನೂ ಮತಾಂತರಕ್ಕೆ ಒತ್ತಾಯಿಸತಕ್ಕುದಲ್ಲವೆಂಬುದು ನಿಯಮ. ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯು ಹಿಂದೂ ಮತದಲ್ಲಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದಳು.

ಆದರೆ ಪ್ರತಿದಿನ ಬೆಳಿಗ್ಗೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮನೋರಮೆಯೊಡನೆ ಬೈಬಲನ್ನು ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಹುಡುಗಿಯರಲ್ಲಿ ಕೆಲವರು ತಾವಾಗಿಯೇ ಬಂದು ಕುಳಿತುಕೊಳ್ಳತೊಡಗಿದರು. ಊರಿನಲ್ಲಿ ಗುಲ್ಲೆದ್ದಿತು, ಪತ್ರಿಕೆಗಳು ಬರೆದುವು. ರಾನಡೆ, ಭಾಂಡಾರಕರ್ ಮೊದಲಾದ ಪೂಜ್ಯರಿದ್ದ ಸಲಹಾ ಸಮಿತಿಯು 1893ರಲ್ಲಿ ರಾಜೀನಾಮೆ ಕೊಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು. ಸಮಿತಿಯವರ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಮಗಳನ್ನು ನಂಬಿ ಕಳುಹಿಸಿದ ತಂದೆತಾಯಿಗಳಿಗೆ ಅವರು ಉತ್ತರ ಹೇಳಬೇಕಾಗಿತ್ತು. ಬಾಗಿಲನ್ನು ಮುಚ್ಚಿಕೊಂಡಿದ್ದರೆ ಎಲ್ಲವೂ ಸುಗಮವಾಗುತ್ತಿತ್ತು. ರಮಾಬಾಯಿಯವರು ಮುಚ್ಚಲಿಲ್ಲ. ಒತ್ತಾಯಿಸಿ ಕರೆಯುವುದು ಎಷ್ಟು ತಪ್ಪೋ, ತನ್ನ ಮನೆಯಲ್ಲಿ ತಾನು ದೇವರಿಗೆ ಮೊಣಕಾಲೂರುವುದನ್ನು ಕಳ್ಳತನದಂತೆ ಬಚ್ಚಿಡುವುದೂ ಅಷ್ಟೇ ತಪ್ಪೆಂದು ಅವರ ನಂಬಿಕೆ. ಶಾಲೆಯು ಮುಳುಗೀತೆಂದು ಹಿತೈಷಿಗಳು ಅಂಜಿದರು; ಅದು ಮುಳುಗಲಿಲ್ಲ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವುಂಟಾಯಿತು. ಸುದ್ದಿಯನ್ನು ಕೇಳಿದಾಗ ಅವರಿಗೆ ಸಜ್ಜೆಯ ರೊಟ್ಟಿಗಾಗಿ ತಾವು ನಿಂತ ಆ ಬಾಗಿಲು ನೆನಪಾಗದೆ ಇದ್ದೀತೇ? ಸ್ವತಃ ಹೊರಟುಹೋಗಿ, ಹಸಿವಿನಿಂದ ಎಲುಬಾದ, ದುಷ್ಟರ ಕೈಗೆ ಬೀಳಲಿದ್ದ ಹುಡುಗಿಯರನ್ನೂ ಎಳೆಯ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಆದುದರಿಂದ ಅವರನ್ನು ಪುಣೆಯಿಂದ ಸುಮಾರು 34 ಮೈಲಿ ದೂರದ ಕೇಡಗಾಂವಿನಲ್ಲಿ, ತಾವು ಕೊಂಡಿದ್ದ ಹೊಲದಲ್ಲಿ ಇರಿಸಬೇಕಾಯಿತು. ಅದೇ ಮುಕ್ತಿಸದನ. ಪ್ಲೇಗಿನ ಆಸ್ಪತ್ರೆಯಲ್ಲಿ ಸ್ತ್ರೀಯರ ಮಾನಕ್ಕೆ ರಕ್ಷಣೆಯಿಲ್ಲವೆಂಬುದನ್ನು ಕಂಡು 1897ರಲ್ಲಿ ಅವರು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಕಟುವಾಗಿ ಬರೆದರು. ವಿಷಯವು ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೂ ಹೋಯಿತು. ಭಕ್ತಿವಂತೆಯಾದ ಹೆಂಗಸು ಬಾಯಿಮುಚ್ಚಿಕೊಂಡಿರಬೇಕೆಂದು ಎಣಿಸುವವರು ಇದನ್ನು ಗಮನಿಸಲಿ.

1900ರ ಗುಜರಾತಿನ ಕ್ಷಾಮದ ತರುವಾಯ ಮುಕ್ತಿಸದನದ ನಿವಾಸಿಗಳ ಸಂಖ್ಯೆಯು 2000ವನ್ನು ಸಮೀಪಿಸಿತು. ಅಷ್ಟು ಜನರ ಮನೆಯಲ್ಲಿ ದಿನವು ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಆದರೆ ಪ್ರಾರ್ಥನೆಯೊಂದಿಗೆ ಮುಗಿಯುತ್ತಿರಲಿಲ್ಲ. ಬಾವಿಗಳನ್ನು ತೋಡಿಸಿ ಹೊಲವನ್ನು ಬೆಳೆಸಿದರು. ಹುಡುಗಿಯರು ಓದಿನ ಜತೆಗೆ ನೇಯುವುದನ್ನೂ ಹೊಲಿಯುವುದನ್ನೂ ಎಣ್ಣೆ ತೆಗೆಯುವುದನ್ನೂ ಹಸು ಸಾಕುವುದನ್ನೂ ಅಚ್ಚಿನ ಮೊಳೆ ಜೋಡಿಸುವುದನ್ನೂ ಕಲಿತರು. ಕುರುಡರಿಗೆ ಬೆರಳಿನಿಂದ ಓದುವ ವಿದ್ಯೆಯನ್ನು ಕಲಿಸಲು, ಕ್ರಿಸ್ತನು ಕಣ್ಣು ಕೊಟ್ಟ ಬಾರ್ತಿಮಾಯನ ಹೆಸರಿನಲ್ಲಿ ಒಂದು ಸದನವಾಯಿತು. ದಾರಿತಪ್ಪಿದವರಿಗಾಗಿ ಕೃಪಾಸದನವನ್ನು ಕಟ್ಟಿದರು. ಫುಲ್‌ಹ್ಯಾಮಿನಲ್ಲಿ ಕಂಡುದನ್ನು ಅವರು ಮರೆತಿರಲಿಲ್ಲ. ಒಮ್ಮೆ ಬ್ರಾಹ್ಮಣ ವಿಧವೆಯರಿಗೆಂದೇ ಆರಂಭಿಸಿದವರ ಮನೆಯಲ್ಲಿ ಈಗ ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು.

ಇವರೆಲ್ಲರ ನಡುವೆ ರಮಾಬಾಯಿಯವರು ಕತ್ತರಿಸಿದ ಕೂದಲು, ಬಿಳಿಯ ದಪ್ಪ ಬಟ್ಟೆ, ಸಸ್ಯಾಹಾರ ಇಷ್ಟರಲ್ಲೇ ತೃಪ್ತರಾಗಿದ್ದರು. ವಿಧವೆಯ ಗುರುತೆಂದು ಲೋಕವು ಹೇರಿದ ಬಿಳಿಯ ಬಟ್ಟೆಯು ಅವರ ಮೈಮೇಲೆ ಕೆಲಸದ ಉಡುಪಾಯಿತು. ನಿಶ್ಚಿತವಾದ ವರಮಾನವಿಲ್ಲದೆ, ಬೇಕಾದುದನ್ನು ದೇವರ ಮುಂದೆ ಇಟ್ಟು ಕೇಳಿಕೊಳ್ಳುವುದೇ ಅವರ ಪದ್ಧತಿ. ಹಾಗೆಂದು ಲೆಕ್ಕಪತ್ರಗಳನ್ನು ದೇವರಿಗೇ ಬಿಟ್ಟವರಲ್ಲ. 1905ರಲ್ಲಿ ಮುಕ್ತಿಸದನದಲ್ಲಿ ಮಹಾ ಉಜ್ಜೀವನವುಂಟಾಗಿ ಹುಡುಗಿಯರು ಗಂಟೆಗಟ್ಟಲೆ ಅಳುತ್ತಾ ಪ್ರಾರ್ಥಿಸಿದರೆಂದು ದೂರದೇಶದವರೂ ಕೇಳಿ ಬಂದು ನೋಡಿದರು. ನಾವು ಆ ಉತ್ಸಾಹವನ್ನು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣೀರು ಒರೆಸಿಕೊಂಡು ಎದ್ದ ಆ ಹುಡುಗಿಯರು ಮತ್ತೆ ಮಗ್ಗಕ್ಕೂ ಕೊಟ್ಟಿಗೆಗೂ ರೋಗಿಯ ಹಾಸಿಗೆಯ ಬಳಿಗೂ ಹೋದುದು ನಮಗೆ ಹೆಚ್ಚಿನದಾಗಿ ಕಾಣುತ್ತದೆ.

ತಮ್ಮ ಕೊನೆಯ ವರುಷಗಳನ್ನು ಅವರು ಒಂದು ಕಠಿನ ಕೆಲಸಕ್ಕೆ ಮುಡಿಪಾಗಿಟ್ಟರು. ಅಕ್ಷರ ಕಲಿತ ಬಡ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು, ಇಬ್ರಿಯ ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಮೂಲದಿಂದಲೇ ಭಾಷಾಂತರಿಸತೊಡಗಿದರು. ಅದು ಹೆಚ್ಚು ಬಳಕೆಗೆ ಬರಲಿಲ್ಲವೆಂಬುದು ಸತ್ಯ. ಆದರೆ ಸಾವಿರಾರು ಮಕ್ಕಳ ಅನ್ನದ ಚಿಂತೆಯ ನಡುವೆ ಪ್ರತಿದಿನ ಕೆಲವು ವಾಕ್ಯಗಳಂತೆ ಹತ್ತಾರು ವರುಷ ದುಡಿದ ಆ ಕೈಯನ್ನು ನೆನೆದರೆ ನಮಗೆ ಗಂಗಾಮೂಲದಿಂದ ಬಂದ ತಾಯಿಯೂ ಅವಳ ಬೆಳಗಿನ ಪಾಠವೂ ನೆನಪಾಗುವುವು. ಮನೋರಮೆಯು ತಾಯಿಯ ಬಲಗೈಯಾಗಿದ್ದಳು. 1912ರಲ್ಲಿ ಇವರ ಪ್ರಯತ್ನದಿಂದ ನಮ್ಮ ಕನ್ನಡನಾಡಿನ ಗುಲ್ಬರ್ಗದಲ್ಲಿಯೂ, ಅಂದರೆ ಈಗಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಪ್ರೌಢಶಾಲೆಯು ಸ್ಥಾಪಿತವಾಯಿತು. 1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಎ-ಹಿಂದ್ ಪದಕವನ್ನಿತ್ತಿತು.

1921ನೆಯ ಜುಲೈ ತಿಂಗಳಿನಲ್ಲಿ ಮನೋರಮೆಯು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ತನ್ನ ತರುವಾಯ ಕೆಲಸವನ್ನು ವಹಿಸಿಕೊಳ್ಳುವಳೆಂದು ನಂಬಿದ್ದ ಏಕಪುತ್ರಿ. ತಾಯಿಯು ದುಃಖವನ್ನು ನುಂಗಿಕೊಂಡು ಮತ್ತೆ ಕರಡಿನ ಹಾಳೆಗಳ ಮುಂದೆ ಕುಳಿತರು. ಕಿವಿ ಕೇಳದು, ದೇಹವು ಸೋತಿತ್ತು; ಹಾಳೆಗಳು ಮಾತ್ರ ಒಂದೊಂದಾಗಿ ತಿದ್ದಲ್ಪಟ್ಟು ಅಚ್ಚಿನ ಮನೆಗೆ ಹೋಗುತ್ತಿದ್ದುವು. ಕೊನೆಯ ಹಾಳೆಯನ್ನು ತಿದ್ದಿ ಮುಗಿಸಿದ ಸ್ವಲ್ಪದರಲ್ಲಿಯೇ, 1922ನೆಯ ಏಪ್ರಿಲ್ 5ರಂದು, ನಿದ್ರೆಯಲ್ಲಿಯೇ ಅವರು ಪ್ರಭುವಿನ ಸನ್ನಿಧಿಯನ್ನು ಸೇರಿದರು. ಕೇಡಗಾಂವಿನ ಆ ಹೊಲದ ಮಣ್ಣಿನಲ್ಲಿಯೇ ಅವರ ದೇಹವನ್ನು ಇಟ್ಟರು. ಒಂದು ಕಾಲದಲ್ಲಿ ಕ್ಷಾಮದಿಂದ ಎತ್ತಿ ತಂದವರನ್ನು ಮೊದಲ್ಗೊಂಡು ಅಕ್ಷರ ಜೋಡಿಸುವುದನ್ನು ಕಲಿಸಿದ್ದ ಆ ಅಚ್ಚಿನ ಮನೆಯಲ್ಲಿ ಕೆಲಸವು ನಿಲ್ಲಲಿಲ್ಲ. 1924ರಲ್ಲಿ ಸತ್ಯವೇದವು ಪೂರ್ಣವಾಗಿ ಹೊರಬಂದಿತು.